ಹುಣಸೆ ಬೀಜದ ಐನೂರು ಎಸೆತ

ಷಮೀಮ್ ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಬೋರ್ಡಿನ ಮೇಲೆ ಬರೆದದ್ದನ್ನು ಅಳಿಸಿ ತಿದ್ದಿದ್ದನ್ನು ವಿದ್ಯಾರ್ಥಿಗಳು ನೋಡಿದ್ದು ಅಪರೂಪ. ತಂದೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್. ಆ ಮನೆತನದಲ್ಲಿ ಎಂ.ಫಿಲ್. ತನಕ ಬಂದವಳು ಇವಳೊಬ್ಬಳೇ. ಸಂಶೋಧನೆಯ ವಿಷಯ ಚೌಕಾಬಾರ. ಯಾವ ಗರಕ್ಕೆ ಯಾವ ಕಾಯಿ ನಡೆಸಿದರೆ ಗೆಲುವು ಹತ್ತಿರವಾಗುತ್ತದೆ ಎಂದು ಕಂಪ್ಯೂಟರೇ ತೀರ್ಮಾನಿಸಿ ಆಡಬೇಕು. ಬೆಂಗಳೂರಿನ ಗೈಡ್ ಪ್ರಬಂಧವನ್ನು ಒಪ್ಪಿಯಾಗಿತ್ತು. 1989ರ ಮಾರ್ಚ್ ಕೊನೆಗೆ ಸಲ್ಲಿಸಬೇಕು, ಇನ್ನು ಮೂರು ವಾರ ಬಾಕಿ.

ಆಟ ಬಲ್ಲವರೊಬ್ಬರ ಎದುರು ಯಂತ್ರವನ್ನು ಆಡಿಸಿ ನೋಡೋಣವೆಂದು ಅವಳು ಕಾಲೇಜಿನ ಆಯಾ ಅಶ್ವತ್ಥಮ್ಮನನ್ನು ಕಂಪ್ಯೂಟರ್ ಕೋಣೆಗೆ ಕರೆದಳು. ಅಶ್ವತ್ಥಮ್ಮನ ಬೀದಿಯಲ್ಲಿ ಅವರನ್ನು ಸೋಲಿಸಿದವರಿಲ್ಲ. ಕೀ ಒತ್ತಿದರೆ ಪರದೆಯ ಮೇಲೆ ಗರ ಬೀಳುತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಅವರ ನಾಲ್ಕು ಕಾಯಿಗಳೂ ನಡುಮನೆ ಸೇರಿ ಹಣ್ಣಾದವು. ಗೆದ್ದವರ ಮುಖದಲ್ಲಿ ಮಾತ್ರ ಖುಷಿ ಇರಲಿಲ್ಲ.

"ಗೆದ್ದೆ, ಸರಿ ಕಣಮ್ಮ. ಆದ್ರೆ ಒಂದಾಟಕ್ಕೆ ಐದು ಸಲ ಬಾರ ಬೀಳ್ತದಾ? ನಿಮ್ಮ ಡಬ್ಬ ನಂಗೆ ಪುಕ್ಕಟೆ ಕೊಡ್ತಾ ಐತೆ."

ಅದು ಬರೀ ಅದೃಷ್ಟ ಎಂದು ಷಮೀಮ್ ಸಮಜಾಯಿಷಿ ಕೊಟ್ಟಳು. ಅಶ್ವತ್ಥಮ್ಮ ಗಂಟೆ ಹೊಡೆಯಲು ಎದ್ದು ಹೋದರು.

ಮನೆಗೆ ನಡೆಯುತ್ತ ಷಮೀಮ್ ಲೆಕ್ಕವನ್ನು ಬುಡದಿಂದ ನೋಡಿದಳು. ಈ ಕಡೆ ಚೌಕಾಬಾರ ಆಡುವುದು ಹುಣಸೆ ಬೀಜದಲ್ಲಿ. ಒಂದು ಪಕ್ಕವನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿರುತ್ತಾರೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು ಮನೆ; ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಬಿಳಿಯೂ ಕಪ್ಪೂ ಅರ್ಧಕ್ಕರ್ಧ ಬೀಳುತ್ತವೆ ಎಂದು ಅವಳು ಪ್ರೋಗ್ರಾಮಿನಲ್ಲಿ ಬರೆದಿದ್ದಳು. ಬೀಜವೇನು ನಾಣ್ಯವೇ? ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಎಸೆದು ನೋಡದೆಯೇ ಬರೆದುಬಿಟ್ಟಿದ್ದಳು.

ಆ ಭಾನುವಾರ ಅವಳು ನಾಲ್ಕು ಬೀಜಗಳನ್ನು ಐನೂರು ಸಲ ಎಸೆದಳು. ಓದಿ ಓದಿ ಕೊನೆಗೆ ಕಲಿತದ್ದು ಇದನ್ನೇ ಏನು ಎಂದು ಉರ್ದುವಿನಲ್ಲಿ ಗೊಣಗುತ್ತಲೇ ತಾಯಿ ಹಮೀದಾ ಬೇಗಂ ಒಂದೊಂದಕ್ಕೂ ಗೀಟು ಹಾಕಿದರು. ಸಂಜೆಗೆ ಲೆಕ್ಕ ಸಿಕ್ಕಿತು. ಅರ್ಧಕ್ಕರ್ಧದ ನಿಯಮದಲ್ಲಾದರೆ ಬಾರ ಮೂವತ್ತೊಂದು ಸಲ ಬೀಳಬೇಕಿತ್ತು, ಬಿದ್ದದ್ದು ಹನ್ನೆರಡು. ಚೌಕವೂ ಅಷ್ಟೇ ಬೀಳಬೇಕಿತ್ತು, ಅದು ಅರವತ್ತಾರು ಸಲ ಬಿದ್ದಿತ್ತು. ಅಂದರೆ ಬಾರಕ್ಕಾಗಿ ಕಾಯಲು ಯಂತ್ರಕ್ಕೆ ಅವಳು ಕಲಿಸಿದ್ದ ಆಟವೇ ತಪ್ಪು. ಎರಡು ಅಧ್ಯಾಯಗಳನ್ನು ಹೊಸದಾಗಿ ಬರೆಯಬೇಕು.

ಸೋಮವಾರ ಬಸ್ ಹತ್ತಿ ಗೈಡ್ ಬಳಿ ಹೋಗಿ ತಪ್ಪನ್ನು ಹೇಳಿದಳು. ಅರ್ಧಕ್ಕರ್ಧ ಎಂಬುದು ಕೇವಲ ಊಹೆ ಎಂದು ಒಂದು ಸಾಲು ಸೇರಿಸಿದರೆ ಸಾಕು, ಪರೀಕ್ಷಕರು ಕೇಳುವುದಿಲ್ಲ ಎಂದರು ಅವರು.

"ಪರೀಕ್ಷಕರು ಕೇಳಲ್ಲ ಸರ್. ಆದ್ರೆ ನಮ್ಮ ಆಯಾ ಒಂದೇ ಆಟದಲ್ಲಿ ಹಿಡಿದುಬಿಟ್ರು. ತಿದ್ದಿಯೇ ಕೊಡ್ತೀನಿ."

ಗೈಡ್ ಕನ್ನಡಕ ತೆಗೆದು ಒರೆಸಿಕೊಂಡರು. ಗಡುವು ಮುಂದೆ ಹೋಗುವುದಿಲ್ಲ ಎಂದಷ್ಟೇ ಹೇಳಿದರು. ಷಮೀಮ್ ಅದನ್ನು ಕೇಳಲು ಹೋದವಳೂ ಅಲ್ಲ.

ಮುಂದಿನ ಎರಡು ವಾರ ಪಾಠ ಮುಗಿದ ಮೇಲೆ ಅವಳ ಜಾಗ ಕಂಪ್ಯೂಟರ್ ಕೋಣೆ. ಬೀಜ ಬೀಳುವ ಪ್ರಮಾಣ ಬದಲಿಸಿದಳು, ಯಂತ್ರವನ್ನು ಅದರ ಎದುರೇ ನೂರಾರು ಆಟ ಆಡಿಸಿದಳು, ಕೋಷ್ಟಕಗಳನ್ನೆಲ್ಲ ಹೊಸದಾಗಿ ಬರೆದಳು. ಗಡುವಿಗೆ ನಾಲ್ಕು ದಿನವಿರುವಾಗ ಅಶ್ವತ್ಥಮ್ಮನನ್ನು ಮತ್ತೆ ಕೂರಿಸಿದಳು.

ಈ ಸಲ ಆಟ ಒಂದೂಕಾಲು ಗಂಟೆ ಹಿಡಿಯಿತು. ಬಾರ ಬಿದ್ದದ್ದು ಒಂದೇ ಸಲ. ಹಣ್ಣಾಗಲು ಎರಡೇ ಮನೆ ಬಾಕಿಯಿದ್ದ ಅಶ್ವತ್ಥಮ್ಮನ ಕಾಯಿಯನ್ನು ಯಂತ್ರ ಹಿಂದಿನಿಂದ ಬಂದು ಹೊಡೆಯಿತು, ಆಮೇಲೆ ಅವರು ಚೇತರಿಸಿಕೊಳ್ಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಅವರು ಪರದೆಯನ್ನು ದಿಟ್ಟಿಸಿ ನೋಡಿದರು.

"ಈಗ ಸರಿಯಾಗಿ ಸೋತೆ ಬಿಡಮ್ಮ," ಎಂದರು.

ಷಮೀಮ್ ಯಂತ್ರ ಆರಿಸಿ, ಎರಡೂ ಅಧ್ಯಾಯಗಳ ಹಾಳೆಗಳನ್ನು ಎತ್ತಿಕೊಂಡು ಟೈಪಿಸ್ಟರ ಅಂಗಡಿಗೆ ಹೊರಟಳು.