ಚಹಾ ಆಗಬೇಕಿತ್ತು

ಇಂಗ್ಲಿಷಿನಲ್ಲಿ ನನಗೆ ಕಂಡರಾಗದ ಒಂದು ಜೋಡಿಪದ ಇದೆ. ಮೇ ಬಿ, ಶುಡ್ ಬಿ, ವಿಲ್ ಬಿ ಎಂದು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಬೆನ್ನಿಗೊಂದು ಕ್ರಿಯಾಪದ ಅಂಟಿಕೊಂಡರೆ ಮುಗಿಯಿತು. ಕೆಲಸ ಪಡಸಾಲೆಯಲ್ಲಿ ಎದ್ದು ನಿಲ್ಲುತ್ತದೆ, ಅದನ್ನು ಮಾಡಬೇಕಾದವರು ಹಿತ್ತಲ ಬಾಗಿಲಿನಿಂದ ಪಾರಾಗುತ್ತಾರೆ. ಇದನ್ನು ಮಕ್ಕಳಿಗೆ ಕಲಿಸಿ ಉಂಡವಳು ನಾನೇ. ಉಂಡ ಮನೆಯನ್ನು ಹೀಗೆ ಬೈಯಬಾರದು ನಿಜ, ಆದರೂ ಬೈಯುತ್ತೇನೆ.

ಮದುವೆಗೆ ಮೊದಲು ತವರೂರು ಹಾನಗಲ್ಲಿನ ಶಾಲೆಯೊಂದರಲ್ಲಿ ತಾತ್ಕಾಲಿಕವಾಗಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಂದು ದಿನ ಹಲಗೆಯ ಮೇಲೆ, 'ದಿ ಬಫೆಲೊ ಮಸ್ಟ್ ಬಿ ಮಿಲ್ಕ್ಡ್' ಎಂದು ಬರೆದು, ಎಮ್ಮೆಯ ಹಾಲು ಹಿಂಡಲ್ಪಡಬೇಕು ಎಂದು ಗಂಭೀರವಾಗಿ ಅರ್ಥ ಹೇಳಿದೆ. ಹಿಂದಿನ ಸಾಲಿನ ಒಕ್ಕಲಿಗರ ಹುಡುಗಿ ಎದ್ದು ನಿಂತಳು.

"ಹಿಂಡಬೇಕು ಅನ್ನೋದು ಗೊತ್ತೈತ್ರಿ ಅಕ್ಕಾರ. ಯಾರು ಹಿಂಡಬೇಕು ಅನ್ನೋದ ಬರದಿಲ್ಲಲ್ರಿ. ನಮ್ಮನ್ಯಾಗ ದಿನಾ ಜಗಳಾ ನಡ್ಯಾಕತ್ತಿದ್ದು ಅದಕ್ಕರಿ."

ತರಗತಿ ನಕ್ಕಿತು, ನಾನೂ ನಕ್ಕೆ. ಆಮೇಲೆ ಮದುವೆಯಾಗಿ ಸವಣೂರಿಗೆ ಬಂದೆ, ನಗು ನಿಂತಿತು.

ನಮ್ಮ ಮಾವನವರು ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಅವರ ಇಂಗ್ಲಿಷ್ ಕರಡುಗಳಿಗೆ ದೊಡ್ಡ ಹೆಸರಿತ್ತಂತೆ. ಆ ಕರಡುಗಳಲ್ಲಿ ಕಡತವನ್ನು ಯಾರೂ ಕಳೆಯುತ್ತಿರಲಿಲ್ಲ. ಅದು ತಾನಾಗಿಯೇ 'ಕುಡ್ ನಾಟ್ ಬಿ ಟ್ರೇಸ್ಡ್' ಆಗುತ್ತಿತ್ತು. ಅರ್ಜಿಯನ್ನು ಯಾರೂ ಓದುತ್ತಿರಲಿಲ್ಲ. ಅದು 'ಮೇ ಬಿ ಕನ್ಸಿಡರ್ಡ್' ಎಂಬ ಅವಸ್ಥೆಯಲ್ಲಿ ಸುಖವಾಗಿ ಮಲಗಿರುತ್ತಿತ್ತು. ನಿವೃತ್ತಿಯ ದಿನ ಕಚೇರಿಯ ಕುರ್ಚಿಯನ್ನು ಬಿಟ್ಟುಬಂದ ಮಾವನವರು ವ್ಯಾಕರಣವನ್ನು ಮಾತ್ರ ಮನೆಗೆ ತಂದಿದ್ದರು.

ಮನೆಯೇನು ಕಡಿಮೆಯದಲ್ಲ. ಕನ್ನಡಕ್ಕೆ ಕರ್ಮಣಿ ಪ್ರಯೋಗ ಒಗ್ಗುವುದಿಲ್ಲ, 'ತಿನ್ನಲ್ಪಟ್ಟಿತು' ಎಂದು ಯಾರೂ ಉಣ್ಣುವುದಿಲ್ಲ ಎಂದು ಪಂಡಿತರು ಹೇಳುತ್ತಾರೆ. ಅವರು ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಒಂದು ಹೊತ್ತು ಕೂತು ನೋಡಬೇಕು. ಹಿರಿಯರನ್ನು 'ಯಾವಾಗ ಬಂದ್ರಿ?' ಎಂದು ಕೇಳಿದರೆ ಒರಟು. 'ಯಾವಾಗ ಬರೋಣಾತು?' ಎನ್ನಬೇಕು. ಬಂದವರು ಬಂದಿಲ್ಲ, ಬರುವುದು ತಾನೇ ಆಗಿದೆ! ಗಂಡನ ಹೆಸರು ಹಿಡಿಯದ, ಅವರತ್ತ ನೇರ ಮುಖ ಮಾಡಿ ಮಾತಾಡದ ಅತ್ತೆ, ಅಡುಗೆಮನೆಯ ಹೊಸ್ತಿಲಿನಿಂದ, "ಊಟಕ್ಕ ಏಳೋಣಾಗಬೇಕು" ಎಂದು ಗೋಡೆಗೆ ಹೇಳುತ್ತಿದ್ದರು. ಗೋಡೆ ಏಳುತ್ತಿರಲಿಲ್ಲ, ಮಾವನವರು ಏಳುತ್ತಿದ್ದರು. ಮಾವನವರಿಗೂ ಒಬ್ಬರ ಹೆಸರು ಹಿಡಿದು ಕೇಳುವ ರೂಢಿ ಇರಲಿಲ್ಲ. ಮಧ್ಯಾಹ್ನದ ನಿದ್ದೆ ಮುಗಿದೊಡನೆ, "ಚಹಾ ಆಗಬೇಕಿತ್ತು" ಎಂದು ಗಾಳಿಗೆ ಬಿಡುತ್ತಿದ್ದರು. ಅದನ್ನು ಹಿಡಿಯುವ ಕೈ ಯಾವಾಗಲೂ ಒಳಗಿನವರದೇ.

ಅಷ್ಟರಲ್ಲಿ ಶಿಗ್ಗಾವಿಯ ಹೆಣ್ಣುಮಕ್ಕಳ ಹೈಸ್ಕೂಲಿನಿಂದ ಹೇಳಿಕೆ ಬಂತು. ಇಂಗ್ಲಿಷಿಗೆ ಒಬ್ಬರು ಬೇಕು, ಜೂನ್ ತಿಂಗಳ ಮೊದಲ ಸೋಮವಾರ ಬಂದು ನಿಂತರೆ ಕೆಲಸ ನನಗೆ, ಇಲ್ಲವಾದರೆ ಇನ್ನೊಬ್ಬರಿಗೆ. ನನಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದರೆ, ರೊಟ್ಟಿ ತಟ್ಟುವಾಗ ಹಿಟ್ಟಿನ ಮೇಲೆ ಬೆರಳಿನಿಂದ ಪಾಠದ ಶಿರೋನಾಮೆ ಬರೆದು ಅಳಿಸುತ್ತಿದ್ದೆ. ಓದಿದ್ದೆಲ್ಲ ಅಡುಗೆಮನೆಯ ಮಸಿ ಅರಿವೆಯ ಜೊತೆ ಗೂಟಕ್ಕೆ ಜೋತುಬೀಳುತ್ತದೆಂದು ಹೆದರಿದ್ದೆ.

ನಮ್ಮವರು ಹುಬ್ಬಳ್ಳಿಯಲ್ಲಿ ನೌಕರಿಗಿದ್ದು, ಶನಿವಾರ ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು ಮನೆಗೆ ಬರುತ್ತಿದ್ದರು. ಮೊದಲು ಅವರಿಗೆ ಹೇಳಿದೆ. "ಅಪ್ಪಾರ ಕಿವಿಗೆ ಹಾಕಬಹುದು" ಎಂದರು. ಹಾಕುವವರು ಯಾರೆಂದು ತಿಳಿಯದೆ ನಾನೇ ಹಾಕಿದೆ. ಮಾವನವರು ಕಣ್ಣು ಮುಚ್ಚಿ, "ವಿಚಾರ ಮಾಡಬಹುದು" ಎಂದರು. ಬೇಡ ಎನ್ನಲಿಲ್ಲವಲ್ಲ! ನಾನು ಹಿಗ್ಗಿ ಹೀರೇಕಾಯಿಯಾದೆ. ಒಂದು ವಾರ ಕಾದು ಮತ್ತೆ ಕೇಳಿದರೆ, "ಯೋಗ್ಯ ವೇಳ್ಯಾಕ್ಕ ತಿಳಸಲಾಗ್ತದ" ಎಂದರು. ತಿಳಿಸುವವರು ಯಾರು? "ಹಿರ್‍ಯಾರನ್ನ ಕೇಳಬೇಕಾಗ್ತದ." ಮನೆಗೆ ಹಿರಿಯರು ಅವರೇ. ಇನ್ನೂ ಹಿರಿಯರೆಂದರೆ ಹಿರೇಕೆರೂರಿನ ದೊಡ್ಡ ಮಾವನವರು. ಅವರೂ ಒಂದು ದಿನ ಬಂದರು, ಉಂಡರು, ಕೈ ಒರೆಸಿಕೊಂಡು, "ಮನಿಯವರ ಅಭಿಪ್ರಾಯ ತಗೋಳೋಣಾಗಲಿ" ಎಂದು ಬಸ್ಸು ಹತ್ತಿದರು. ನನ್ನ ನೌಕರಿಗೆ ಅಡ್ಡಬಂದವರು ಒಬ್ಬರೂ ಇಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಹೀಗೆ ಕಡೆಯ ಭಾನುವಾರ ಬಂತು. ಅತ್ತೆ ವೀಳ್ಯದೆಲೆಯ ತೊಟ್ಟು ಮುರಿಯುತ್ತ ಕೂತಿದ್ದರು, ಪಕ್ಕದಲ್ಲಿ ನಾನು. ನಮ್ಮವರು ಪೇಪರಿನ ಹಿಂದೆ. ಮಾವನವರು ನಿದ್ದೆ ಮುಗಿಸಿ, ಮಲಗಿದಲ್ಲಿಂದಲೇ, "ಚಹಾ ಆಗಬೇಕಿತ್ತು" ಎಂದರು.

ಯಾವ ದೆವ್ವ ಮೈಮೇಲೆ ಬಂತೋ ಕಾಣೆ, ನಾನು ಏಳಲಿಲ್ಲ. "ಮಾಡಬಹುದು" ಎಂದೆ. ಈಗ ಅತ್ತೆ ಬೈದುಕೊಂಡು ಏಳುತ್ತಾರೆ ಎಂದುಕೊಂಡೆ. ಅತ್ತೆ ನನ್ನನ್ನೊಮ್ಮೆ ನೋಡಿದರು, ಮತ್ತೊಂದು ತೊಟ್ಟು ಮುರಿದರು.

"ಇನ್ನೂ ಆಗಿಲ್ಲೇನು?" ಮಾವನವರು ಮತ್ತೆ ಕೇಳಿದರು.

"ಆಗ್ತದ" ಎಂದರು ಅತ್ತೆ, ಎಲೆಗೆ. ಪೇಪರು ಇನ್ನಷ್ಟು ಮೇಲಕ್ಕೇರಿತು.

"ಯಾವಾಗ?"

"ಯೋಗ್ಯ ವೇಳ್ಯಾಕ್ಕ ತಿಳಸಲಾಗ್ತದ, ಮಾವಾ" ಎಂದೆ.

ಮಾವನವರು ಎದ್ದೇ ಬಂದರು. ಇಡೀ ನೌಕರಿಯಲ್ಲಿ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿಬಿಟ್ಟರು: "ಅಲ್ಲಾ, ಮಾಡವರು ಯಾರು?"

ಅತ್ತೆ ಎಲೆಯನ್ನು ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡು ಗಂಡನ ಮುಖವನ್ನು ನೇರವಾಗಿ ನೋಡಿದರು. ನಾನು ಆ ಮನೆಗೆ ಬಂದಮೇಲೆ ಅದೇ ಮೊದಲು.

"ನಾ ಮಾಡ್ತೇನಿ. ಇಷ್ಟು ವರ್ಷ ನಾನ ಮಾಡೇನಿ. ನಾಳೆ ಇಕಿ ಶಿಗ್ಗಾವಿಗೆ ಹೋಗ್ತಾಳ. ನಾ ಕಳಸ್ತೇನಿ."

ನನಗೆ ಅಳು ಬಂತು. ವ್ಯಾಕರಣದ ಯಾವ ಪುಸ್ತಕವೂ ನನ್ನನ್ನು ಅಳಿಸಿರಲಿಲ್ಲ. ಮಾವನವರು ಮಗನ ಪೇಪರಿನ ಕಡೆ ತಿರುಗಿ, "ಮೊದಲನೇ ಬಸ್ಸು ಎಷ್ಟಕ್ಕದ?" ಎಂದು ಕೇಳಿದರು. ಚಹಾ ಆಯಿತು. ಮರುದಿನ ನಾನು ಶಿಗ್ಗಾವಿಗೆ ಹೋದೆ.

ಇಷ್ಟಕ್ಕೇ ನಿಲ್ಲಿಸಿದರೆ ಚೆನ್ನಾಗಿತ್ತು. ಆದರೆ ಮಳೆಗಾಲ ಕಳೆಯುವ ಹೊತ್ತಿಗೆ ಹಿರೇಬೆಂಡಿಗೇರಿ ಎಂಬ ಹಳ್ಳಿಯಿಂದ ಶಾಲೆಗೆ ಬರುತ್ತಿದ್ದ ನನ್ನ ವಿದ್ಯಾರ್ಥಿನಿಯರ ತಂದೆತಾಯಿ ಸವಣೂರ ಸಂತೆಯಲ್ಲಿ ನನ್ನ ಹೊಗಳಿಕೆ ಹಾಡತೊಡಗಿದ್ದರು. ಒಂದು ಸಂಜೆ ಮಾವನವರ ಸ್ನೇಹಿತರೊಬ್ಬರು ಕಟ್ಟೆಯ ಮೇಲೆ ಕೂತು, "ಏನ್ರೀ, ಸೊಸೀನ ನೌಕರಿಗೆ ಹಚ್ಚೀರಂತಲ್ಲ?" ಎಂದು ಕೇಳಿದರು. ಇದಕ್ಕೆ 'ಕಳಿಸಲಾಗಿದೆ' ಎಂಬ ಉತ್ತರ ಬರುತ್ತದೆಂದು ನಾನು ಒಳಗೆ ಬಾಯಿಗೆ ಸೆರಗು ಒತ್ತಿಕೊಂಡು ಕಾದೆ.

"ಹೌದ್ರಿ" ಎಂದರು ಮಾವನವರು ಗಂಟಲು ಸರಿಪಡಿಸಿಕೊಂಡು, "ನಾನ ಕಳಸೇನಿ!"

ನನಗೆ ಮೈಯೆಲ್ಲ ಉರಿಯಿತು. ದಡದಡ ಅಡುಗೆಮನೆಗೆ ಹೋಗಿ, "ಕೇಳಿದ್ರೇನು ಅತ್ತ್ಯಾ? ಕಳಿಸಿದವರು ನೀವು, ಹೆಸರು ಅವರದು!" ಎಂದೆ.

ಅತ್ತೆ ಒಲೆಯಿಂದ ತಲೆ ಎತ್ತಲಿಲ್ಲ. ಬಾಯಲ್ಲಿ ಎಲೆ ಇತ್ತು, ಅದರ ಸಂದಿನಲ್ಲಿ ನಗುವೂ ಇತ್ತು.

"ಅನ್ನಲಿ ಬಿಡವಾ. ಕಟ್ಟಿ ಮ್ಯಾಲೆ ಕೂತು, ಮಂದಿ ಮುಂದ, 'ನಾ' ಅಂದಾರ. ಇನ್ನ ನಿನ್ನ ನೌಕರಿ ಬಿಡಸೋದು ಅವರ ಕೈಲೆ ಆಗೂದಿಲ್ಲ."