ಆದೆಪ್ಪನ ಉಪ್ಪುನೀರಿನ ತೊಟ್ಟಿ

ಸಿಂಧನೂರಿಗೆ ಕಾಲುವೆ ಬಂದ ಹೊಸತರಲ್ಲಿ ಊರೆಲ್ಲ ಸಿಹಿನೀರಿನ ಮಾತಾಡಿದರೆ, ಕಂಪೌಂಡರ್ ಆದೆಪ್ಪನಿಗೆ ಉಪ್ಪುನೀರಿನದೇ ಚಿಂತೆ. ರಜೆ ಸಿಕ್ಕರೆ ಕಾರವಾರಕ್ಕೆ ಹೋಗಿ, ಮನೆಯ ಮೀನಿನ ತೊಟ್ಟಿಗೆಂದು ಡಬ್ಬಗಳಲ್ಲಿ ಸಮುದ್ರದ ನೀರು, ಒದ್ದೆ ಗೋಣಿಯಲ್ಲಿ ಸಣ್ಣ ಕಡಲಜೀವಿಗಳು ಅಂಟಿದ ಕಲ್ಲು ತರುತ್ತಿದ್ದ. ಹಿಂದೊಮ್ಮೆ ಕಾಲುವೆಯ ಸಿಹಿನೀರಲ್ಲಿ ಕಲ್ಲು ತೊಳೆದಿದ್ದಕ್ಕೆ ಆ ಜೀವಿಗಳು ಸತ್ತು, ತೊಟ್ಟಿಯ ನೀರು ಕೊಳೆತು ಮೀನೆಲ್ಲ ಸತ್ತಿದ್ದವು. ಈಗ ಉಪ್ಪುನೀರಲ್ಲೇ ಕಲ್ಲನ್ನು ಅದ್ದಿ, ಕೊಳೆತ ಪಾಚಿಯನ್ನಷ್ಟೇ ಬ್ರಶ್ಶಿನಿಂದ ಉಜ್ಜಿ, ಮೇಜಿನ ಮೇಲಿನ ಗಾಜಿನ ತೊಟ್ಟಿಯ ತಳಕ್ಕೆ ಮೆಲ್ಲಗೆ ಇಳಿಸುತ್ತಿದ್ದ. ಬಂದವರಿಗೆಲ್ಲ, “ಮೇಜಿಗೆ ತಾಗಬ್ಯಾಡ್ರಿ, ಕಲ್ಲು ಇನ್ನೂ ಕುಂತಿಲ್ಲ,” ಎನ್ನುತ್ತಿದ್ದ. ನೀರು ತಿಳಿಯಾಗುವ ತನಕ ಮೀನು ಬಿಡುತ್ತಿರಲಿಲ್ಲ. ಖಾಲಿ ತೊಟ್ಟಿ ಕಂಡು ಜನ ನಗುತ್ತಿದ್ದರು. ಸಮುದ್ರ ನೋಡುವಾಸೆಯ ಅವನ ಹೆಂಡತಿ ಅಯ್ಯಮ್ಮ ಬಸ್ಸು ಹತ್ತಿದರೆ ಹತ್ತಿರದ ಮಸ್ಕಿ ಬರುವ ಮೊದಲೇ ವಾಂತಿ ಮಾಡಿಕೊಂಡು ಇಳಿಯುತ್ತಿದ್ದಳೆಂಬುದು ಅವರಿಗೆ ಗೊತ್ತಿರಲಿಲ್ಲ. ಒಂದು ಮುಂಜಾನೆ ಅವಳೇ ಕೂಗಿದಳು: “ಬರ್ರಿ ಇಲ್ಲಿ, ಕಲ್ಲಿನ ಸಂದ್ಯಾಗ ಏನೋ ಹೂವಿನಂಗ ಅರಳಾಕತ್ತೈತಿ.” ಆದೆಪ್ಪ ದವಾಖಾನೆಗೆ ಹೋಗುವುದನ್ನು ಮರೆತು ಅವಳ ಪಕ್ಕ ಕುಳಿತ.