ಯಾನ್‌ಮೇ ಮಲಗಿಸಿದ ಚಿಪ್

ಶೆನ್‌ಜೆನ್‌ನ ಆ ಸಣ್ಣ ಕಾರ್ಖಾನೆಯಲ್ಲಿ ಚಿಪ್ ಮಲಗಿಸುವುದರಲ್ಲಿ ಯಾನ್‌ಮೇ ಎತ್ತಿದ ಕೈ. ಅಡುಗೆಮನೆಯಲ್ಲಿ ನೀರು ಸೋರಿದರೆ ಕೂಗುವ ಡಬ್ಬಿಗೆ ಅವಳೇ ಪ್ರೋಗ್ರಾಂ ಬರೆದಿದ್ದಳು. ಒಳಗಿನ ಚಿಪ್ ಸದಾ ನಿದ್ದೆಯಲ್ಲಿದ್ದು, ನೀರು ತಾಗಿದಾಗ ಮಾತ್ರ ಏಳಬೇಕು. ಆಗ ಬಿಲ್ಲೆಯಂಥ ಒಂದು ಬ್ಯಾಟರಿ ಐದು ವರ್ಷ ಬಾಳುತ್ತದೆ.

ಈ ವಿದ್ಯೆ ಕಲಿಸಿದ ಗುರು ಫಾಂಗ್ ಶೀಫು. ಹುನಾನ್‌ನ ಹಳ್ಳಿಯಿಂದ ಅವಳು ಬಂದ ಹೊಸತರಲ್ಲಿ, ಎಡಗೈಯಲ್ಲಿ ಬೆಸುಗೆ ಹಾಕುತ್ತ ಹೇಳಿಕೊಟ್ಟಿದ್ದರು: "ಚಿಪ್‌ಗೆ ಮೀಟರ್ ಇಟ್ಟ ತಕ್ಷಣ ಓದ್ಬೇಡ ಹುಡುಗಿ. ಅದಕ್ಕೆ ಕಣ್ಣು ಹತ್ಲಿ. ಒಂದು ನಿಮಿಷ ಕಾಯಿ."

ಈ ಡಬ್ಬಿಯನ್ನು ಹಾಗೆ ಕಾದು ಓದಿದಾಗ, ನಿದ್ದೆಯಲ್ಲಿ ಚಿಪ್ ಎಳೆಯುವ ಕರೆಂಟು ಬರೀ ಎಂಟು ಮೈಕ್ರೋಆಂಪಿಯರ್. ತಾನೇ ಬೆಸೆದ ಆ ಮಾದರಿಯನ್ನು ಚೀಲಕ್ಕೆ ಹಾಕಿ, ಬಾಯಿಗೆ ಚೀಟಿ ಅಂಟಿಸಿದಳು. ಚೀಟಿಯ ಮೇಲೆ ಅವಳೂ ಶೀಫುವೂ ಸಹಿ ಮಾಡಿದರು. ಮುಂದೆ ತಯಾರಾಗುವುದೆಲ್ಲ ಹಾಗೆಯೇ ಇರಬೇಕು. ಚೀಲವಿಟ್ಟ ಕಪಾಟಿನ ಕೀಲಿ ಶೀಫು ಬಳಿಯಿತ್ತು.

ಮೂರೇ ತಿಂಗಳಿಗೆ ಡಬ್ಬಿಗಳು ಸತ್ತು ವಾಪಸ್ ಬಂದವು. ಅಳೆದರೆ ಇನ್ನೂರೆಂಬತ್ತು.

"ಯಾನ್‌ಮೇ ಜೋಗುಳ ಮರೆತ್ಲು ಕಣ್ರೋ!" ಎಂದು ಊಟದ ಸಾಲಿನಲ್ಲಿ ಜೊತೆಯವರು ನಕ್ಕರು.

"ಯಾವುದೋ ಪಿನ್ ಖಾಲಿ ಬಿಟ್ಟಿರ್ತೀಯ, ನೋಡು," ಎಂದರು ಶೀಫು. ಚಿಪ್‌ನ ಒಂದು ಕಾಲು ಅತಂತ್ರವಾಗಿ ಉಳಿದರೂ ಸಾಕು, ನಿದ್ದೆ ಕೆಡುತ್ತದೆ. ಹನ್ನೊಂದು ದಿನ ಇಬ್ಬರೂ ಅಕ್ಕಪಕ್ಕ ಕೂತು ಅವಳ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದರು. ಸಿಗಲಿಲ್ಲ. ಆದರೂ ಶುಕ್ರವಾರದೊಳಗೆ, ಮ್ಯಾನೇಜರ್ ಬರೆಸಿದ 'ಪ್ರೋಗ್ರಾಂ ದೋಷ' ಎಂಬ ವರದಿಗೆ ಅವಳು ಸಹಿ ಹಾಕಬೇಕಿತ್ತು. ಹಾಕಿದರೆ ಕೆಲಸವೂ ಹೋಯಿತು, ಹೆಸರೂ ಹೋಯಿತು.

"ಮಾದರಿಯನ್ನೇ ಅಳೆಯೋಣ," ಎಂದಳು. ಮ್ಯಾನೇಜರ್ ಎದುರೇ ಚೀಲ ಬಿಚ್ಚಿದರು. ಇನ್ನೂರೆಂಬತ್ತು!

"ಸಹಿ ನಿಂದೇ ತಾನೆ?" ಎಂದು ಮ್ಯಾನೇಜರ್ ಎದ್ದು ಹೋದರು.

ಯಾನ್‌ಮೇ ಅದನ್ನು ಭೂತಗನ್ನಡಿಯ ಕೆಳಗಿಟ್ಟಳು. ಚಿಪ್ ಮೇಲೆ ಅದೇ ಹೆಸರು. ಆದರೆ ಬೆಸುಗೆಯ ತುದಿಗಳೆಲ್ಲ ಎಡಕ್ಕೆ ವಾಲಿದ್ದವು. ಅವಳ ಬೆಸುಗೆ ವಾಲುವುದು ಬಲಕ್ಕೆ. ಚೀಟಿಯ ಅಂಚು, ಬಿಸಿಗಾಳಿ ಊದಿ ಬಿಡಿಸಿ ಮತ್ತೆ ಅಂಟಿಸಿದಂತೆ, ಮುದುಡಿತ್ತು.

"ಶೀಫು, ಇದು ನಿಮ್ಮ ಕೈ."

ಅವರು ಬಾಗಿಲು ಮುಚ್ಚಿದರು. "ಅಗ್ಗದ ನಕಲಿ ಚಿಪ್ ತರಿಸಿದ್ದು ನಾನೇ. ಅದು ಸರಿಯಾಗಿ ಮಲಗಲ್ಲ ಅಂತ ಆಮೇಲೆ ಗೊತ್ತಾಯ್ತು. ಅದಕ್ಕೇ ಮಾದರಿಗೂ ಅದನ್ನೇ ಕೂರಿಸ್ದೆ. ನೀನಿನ್ನೂ ಚಿಕ್ಕವಳು, ಎಲ್ಲಾದ್ರೂ ಕೆಲಸ ಸಿಗುತ್ತೆ. ನನಗೆ ಐವತ್ತನಾಲ್ಕು."

"ಮತ್ತೆ ಹನ್ನೊಂದು ದಿನ ನನ್ನ ಜೊತೆ ಕೂತು ಏನು ಹುಡುಕಿದ್ರಿ?"



ವರದಿಗೆ ಅವಳು ಸಹಿ ಹಾಕಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದುಕೊಟ್ಟಳು. ಶೀಫು ಕೆಲಸ ಕಳೆದುಕೊಂಡರು. ಊಟದ ಮೇಜಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. "ಗುರುವಿಗೇ ಎರಡು ಬಗೆದವಳು" ಎಂದರು. ಹೊಸವರ್ಷದ ವಸಂತದ ಹಬ್ಬಕ್ಕೆ ಮೊದಲು ಅವಳೂ ಕಾರ್ಖಾನೆ ಬಿಟ್ಟಳು.

ಈಗ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಎರಡಡಿ ಮೇಜಿಟ್ಟುಕೊಂಡು, ಚಿಪ್ ಅಸಲಿಯೋ ನಕಲಿಯೋ ಅಳೆದು ಹೇಳುತ್ತಾಳೆ.

"ಬೇಗ ಹೇಳಕ್ಕಾ!" ಎಂದು ಗಿರಾಕಿಗಳು ಅವಸರ ಮಾಡುತ್ತಾರೆ.

"ತಾಳಿ, ಅದಕ್ಕೆ ಕಣ್ಣು ಹತ್ಲಿ," ಎಂದುಬಿಡುತ್ತಾಳೆ. ಮಾತು ಯಾರದೆಂದು ನೆನಪಾಗಿ, ಉಳಿದ ನಿಮಿಷವೆಲ್ಲ ತುಟಿ ಬಿಗಿಹಿಡಿದು ಮೀಟರನ್ನೇ ನೋಡುತ್ತಾಳೆ.